ಕಚ್ಚಾ ತೈಲ ಇಳಿದರೂ ಬಂಕ್ ಬೋರ್ಡ್ ಯಾಕೆ ಇಳಿಯಲ್ಲ?

ಟಿವಿಯಲ್ಲಿ ‘ಕಚ್ಚಾ ತೈಲ ಭಾರಿ ಕುಸಿತ’ ಅಂತ ಬಂದ ದಿನ ಬಂಕ್ ಬೋರ್ಡ್ ಕಡೆ ಒಮ್ಮೆ ಕಣ್ಣು ಹಾಯಿಸಿರುತ್ತೀರಿ, ಅಲ್ವಾ? ಅಲ್ಲಿ ಒಂದು ಪೈಸೆಯೂ ಅಲ್ಲಾಡಿರುವುದಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಲ್ಲ ಅನ್ನುತ್ತಾರಲ್ಲ, ಹಾಗೆ. ಇಲ್ಲಿ ಪೂಜಾರಿಗಳು ಮೂವರು.

ಮೊದಲು ಲೆಕ್ಕ ನೋಡೋಣ. 2014ರ ಜೂನ್‌ನಲ್ಲಿ ನಾವು ಕೊಳ್ಳುವ ತೈಲ ಬ್ಯಾರಲ್‌ಗೆ ಸುಮಾರು 109 ಡಾಲರ್ ಇತ್ತು. ದಿಲ್ಲಿಯಲ್ಲಿ ಪೆಟ್ರೋಲ್ 71 ರೂಪಾಯಿ ಚಿಲ್ಲರೆ. 2025ರ ಮೇ ಹೊತ್ತಿಗೆ ತೈಲ 65 ಡಾಲರ್ ಆಸುಪಾಸಿಗೆ ಇಳಿಯಿತು, ಪೆಟ್ರೋಲ್ ಮಾತ್ರ 94 ದಾಟಿತ್ತು. ರೂಪಾಯಿ ಬಿದ್ದಿದೆಯಲ್ಲ ಅಂತೀರಾ? ನಿಜ, ಡಾಲರ್ 60ರಿಂದ 85ಕ್ಕೆ ಹೋಯಿತು. ಅದನ್ನೂ ಸೇರಿಸಿ, ಬ್ಯಾರಲ್‌ಗೆ 159 ಲೀಟರ್ ಅಂತ ಭಾಗಿಸಿ ನೋಡಿ: ಲೀಟರ್ ಕಚ್ಚಾ ತೈಲ 41 ರೂಪಾಯಿಯಿಂದ 35ರ ಹತ್ತಿರಕ್ಕೆ ಇಳಿದಿತ್ತು. ಪೆಟ್ರೋಲ್ 23 ರೂಪಾಯಿ ಏರಿತ್ತು!

ದೊಡ್ಡ ಪೂಜಾರಿ ಕೇಂದ್ರ ಸರ್ಕಾರ. 2020ರ ಏಪ್ರಿಲ್‌ನಲ್ಲಿ ಲಾಕ್‌ಡೌನ್, ಜಗತ್ತಿನಲ್ಲಿ ತೈಲ ಕೇಳುವವರೇ ಇಲ್ಲ, ಅಮೆರಿಕದಲ್ಲಂತೂ ಒಂದು ದಿನ ದರ ಸೊನ್ನೆಗಿಂತ ಕೆಳಗೆ ಹೋಗಿತ್ತು. ಆಗ ನಮಗೆ ಸಿಕ್ಕಿದ್ದೇನು? ಮಾರ್ಚ್‌ನಲ್ಲಿ 3 ರೂಪಾಯಿ, ಮೇನಲ್ಲಿ 10 ರೂಪಾಯಿ ಅಬಕಾರಿ ಸುಂಕ ಏರಿಕೆ. ಇಳಿದದ್ದೆಲ್ಲ ಅಲ್ಲೇ ಹೋಯಿತು. ಆ ಸುಂಕ ಲೀಟರ್‌ಗೆ 32.90 ಇದ್ದಾಗ ರಾಜ್ಯಗಳ ಜೊತೆ ಹಂಚಿಕೊಳ್ಳಬೇಕಾದ ಮೂಲ ಸುಂಕ ಬರೀ 1.40 ರೂಪಾಯಿ, ಉಳಿದದ್ದು ಸೆಸ್, ವಿಶೇಷ ಸುಂಕ ಅಂತ ಕೇಂದ್ರದ ಜೇಬಿಗೇ. 2021 ಮತ್ತು 2022ರಲ್ಲಿ 5 ಮತ್ತು 8 ರೂಪಾಯಿ ಇಳಿಸಿದರು, ಅದನ್ನೂ ಹೇಳಬೇಕು. ಆದರೆ 2014-16ರಲ್ಲಿ ತೈಲ ಕುಸಿದಾಗ ಒಂಬತ್ತು ಸಲ ಏರಿಸಿದ್ದರಲ್ಲ, ಅದರ ಸುದ್ದಿಯೇ ಇಲ್ಲ.

ಎರಡನೇ ಪೂಜಾರಿ, ಪೆಟ್ರೋಲ್ ಮಾರುವ ಕಂಪನಿಗಳದ್ದು ಇನ್ನೊಂದು ಕಥೆ. 2017ರಿಂದ ದರ ದಿನಾ ಬದಲಾಗುತ್ತದೆ ಅಂದರು. 2018ರ ಮೇನಲ್ಲಿ ನಮ್ಮ ವಿಧಾನಸಭೆ ಚುನಾವಣೆಗೆ ಮುಂಚೆ 19 ದಿನ ದರ ನಿಂತೇಹೋಯಿತು, ಮತದಾನ ಮುಗಿದು ಎರಡೇ ದಿನಕ್ಕೆ ಏರತೊಡಗಿತು. ಇದ್ಯಾವ ಮಾರುಕಟ್ಟೆ ಸ್ವಾಮಿ? 2022ರಲ್ಲಿ ಇಂಡಿಯನ್ ಆಯಿಲ್, ಭಾರತ್ ಪೆಟ್ರೋಲಿಯಂ, ಹಿಂದೂಸ್ತಾನ್ ಪೆಟ್ರೋಲಿಯಂ ಮೂರೂ ಸರ್ಕಾರಿ ಕಂಪನಿಗಳು ನಷ್ಟ ಹೊತ್ತವು, ಒಪ್ಪುತ್ತೇನೆ. ಆದರೆ 2023-24ರಲ್ಲಿ ಅವೇ ಮೂರು ಸೇರಿ ಸುಮಾರು 81,000 ಕೋಟಿ ಲಾಭ ಮಾಡಿದವು. ನಮಗೆ ಸಿಕ್ಕಿದ್ದು 2 ರೂಪಾಯಿ, ಅದೂ 2024ರ ಲೋಕಸಭೆ ಚುನಾವಣೆ ಘೋಷಣೆಯ ಹಿಂದಿನ ದಿನದಿಂದ.

ಮೂರನೆಯವರು ನಮ್ಮವರೇ. ಆ ಚುನಾವಣೆ ಮುಗಿದ ಜೂನ್‌ನಲ್ಲೇ ರಾಜ್ಯ ಸರ್ಕಾರ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ 29.84ಕ್ಕೆ ಏರಿಸಿತು. ಬೆಂಗಳೂರಿನಲ್ಲಿ ರಾತ್ರೋರಾತ್ರಿ 3 ರೂಪಾಯಿ ಜಾಸ್ತಿ. ಮೊದಲು ಬೆಲೆಯೇರಿಕೆ ಅಂತ ಬೀದಿಗಿಳಿದವರು ಕಾಂಗ್ರೆಸ್ಸಿನವರು, ಈ ಸಲ ಇಳಿದವರು ಬಿಜೆಪಿಯವರು.

ತೆರಿಗೆ ಬೇಡ ಅಂತ ನಾನು ಹೇಳುತ್ತಿಲ್ಲ. ರಸ್ತೆ, ಆಸ್ಪತ್ರೆ ಎಲ್ಲಕ್ಕೂ ದುಡ್ಡು ಬೇಕು. ಸುಮ್ನೆ ‘ಮಾರುಕಟ್ಟೆ ದರ’ ಅಂತ ಹೇಳಬೇಡಿ, ಅಷ್ಟೇ. ದರ್ಶಿನಿಯಲ್ಲಿ ಮಸಾಲೆ ದೋಸೆ ತಿಂದರೆ ಬಿಲ್‌ನಲ್ಲಿ ಕೇಂದ್ರದ ಸಿಜಿಎಸ್‌ಟಿ ಇಷ್ಟು, ರಾಜ್ಯದ ಎಸ್‌ಜಿಎಸ್‌ಟಿ ಇಷ್ಟು ಅಂತ ಬೇರೆ ಬೇರೆ ಇರುತ್ತದೆ. ಬಂಕ್ ಚೀಟಿಯಲ್ಲಿ ನೋಝಲ್ ನಂಬರ್ ಇದೆ, ಡೆನ್ಸಿಟಿ ಇದೆ, ತೆರಿಗೆ ಎಷ್ಟು ಅಂತ ಮಾತ್ರ ಇಲ್ಲ. ಕೇಂದ್ರಕ್ಕೆ ಇಷ್ಟು, ರಾಜ್ಯಕ್ಕೆ ಇಷ್ಟು, ಡೀಲರ್‌ಗೆ ಇಷ್ಟು ಅಂತ ಇನ್ನು ಮೂರು ಸಾಲು ಸೇರಿಸೋದಕ್ಕೆ ಏನು ಕಷ್ಟ?