ಒಂದು ಪಟ್ಟು ನೆರಳು, ಎರಡು ಪಟ್ಟು ನೆರಳು

ಕೇಳುಗರೇ, ನಮಸ್ಕಾರ.

ಮಸೀದಿಯಿಂದ ದಿನಕ್ಕೆ ಐದು ಸಲ ಬಾಂಗ್ ಕೇಳಿಸುತ್ತದೆ, ಅಲ್ವಾ? ಅದರಲ್ಲಿ ಇಳಿಹೊತ್ತಿನದು ಅಸರ್ ನಮಾಜಿನ ಕರೆ. ಭಟ್ಕಳದಲ್ಲಿ ಅಸರ್ ಹೊತ್ತು ಶುರುವಾಗಿ ಸುಮಾರು ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಕಳೆದ ಮೇಲೆ ಮೈಸೂರಿನ ಹೆಚ್ಚಿನ ಮಸೀದಿಗಳಲ್ಲಿ ಶುರುವಾಗುತ್ತದೆ. ಯಾಕೆ?

ಗಡಿಯಾರ ಇಲ್ಲದ ಕಾಲದಲ್ಲಿ ಹೊತ್ತು ತಿಳಿಯುತ್ತಿದ್ದದ್ದು ನೆರಳಿನಿಂದ. ನಡುಮಧ್ಯಾಹ್ನದ ನೆರಳನ್ನು ಬಿಟ್ಟು, ನೆಟ್ಟ ಕೋಲಿನ ನೆರಳು ಕೋಲಿನಷ್ಟೇ ಉದ್ದವಾದರೆ ಅಸರ್ ಎಂದರು ಧರ್ಮವಿದ್ವಾಂಸರಾದ ಇಮಾಮ್ ಶಾಫಿ. ಎರಡು ಪಟ್ಟು ಆಗಬೇಕು ಎಂದರು ಇರಾಕಿನ ಕೂಫಾದ ಇಮಾಮ್ ಅಬೂ ಹನೀಫಾ. ಅಬೂ ಹನೀಫಾ ತೀರಿಕೊಂಡದ್ದು 767ರಲ್ಲಿ. ಶಾಫಿ ಹುಟ್ಟಿದ್ದೂ ಅದೇ ವರ್ಷ. ನನಗೆ ತುಂಬಾ ಇಷ್ಟವಾಗುವ ಸಂಗತಿ ಇನ್ನೊಂದಿದೆ. ಅಬೂ ಹನೀಫಾ ಅವರ ಹೆಸರಾಂತ ಶಿಷ್ಯರಾದ ಅಬೂ ಯೂಸುಫ್ ಮತ್ತು ಮುಹಮ್ಮದ್ ಶೈಬಾನಿ ಈ ವಿಷಯದಲ್ಲಿ ಗುರುವಿನ ಮಾತು ಒಪ್ಪಲಿಲ್ಲ. ಒಂದು ಪಟ್ಟು ಸಾಕು ಎಂದರು. ಆದರೂ ಅವರು ಹನಫಿಗಳೇ, ಅಂದರೆ ಅಬೂ ಹನೀಫಾ ಅವರ ಹಾದಿಯವರೇ. ಮುಂದೆ ಶಾಫಿ ಇದೇ ಶೈಬಾನಿಯವರ ಬಳಿ ಪಾಠ ಕಲಿತರು.

ಇಂಥ ಹಾದಿಗೆ ಮದ್‌ಹಬ್ ಎನ್ನುತ್ತಾರೆ. ಸುನ್ನಿಗಳಲ್ಲಿ ಇವು ನಾಲ್ಕು. ಹನಫಿ ಮತ್ತು ಶಾಫಿಯ ಜೊತೆ ಮಾಲಿಕಿ, ಹಂಬಲಿ.

ನಮ್ಮ ಕರಾವಳಿಗೆ ಇಸ್ಲಾಂ ಬಂದದ್ದು ಅರಬ್ ವ್ಯಾಪಾರಿಗಳ ಹಡಗಿನ ದಾರಿಯಲ್ಲಿ. ಅಲ್ಲಿನ ಬ್ಯಾರಿಗಳೂ ಭಟ್ಕಳದ ನವಾಯತರೂ ಶಾಫಿಗಳು. ಬಯಲುಸೀಮೆಗೆ ಬಂದದ್ದು ಬಹುಮಟ್ಟಿಗೆ ಉತ್ತರದ ನೆಲದ ದಾರಿಯಲ್ಲಿ. ದಖನಿ ಉರ್ದು ಮಾತಾಡುವ ಅಲ್ಲಿನವರು ಹೆಚ್ಚಾಗಿ ಹನಫಿಗಳು. ಊಟದಲ್ಲೂ ಇದು ಕಾಣುತ್ತದೆ. ಬೊಂಡಾಸ್, ಅಂದರೆ ಸ್ಕ್ವಿಡ್, ಶಾಫಿಗಳಿಗೆ ಹಲಾಲ್. ಹನಫಿಗಳಿಗೆ ಕಡಲಿನ ಜೀವಿಗಳಲ್ಲಿ ಮೀನು ಮಾತ್ರ.

ಇದು ಸುನ್ನಿಗಳ ಮಾತಾಯಿತು. ಗೌರಿಬಿದನೂರು ತಾಲ್ಲೂಕಿನ ಅಲಿಪುರದಲ್ಲಿ ಶಿಯಾಗಳೇ ಜಾಸ್ತಿ. 632ರಲ್ಲಿ ಪ್ರವಾದಿಯವರು ತೀರಿಕೊಂಡ ಮೇಲೆ ಮುಂದಾಳು ಯಾರು ಎಂಬ ಪ್ರಶ್ನೆ ಎದ್ದಿತು. ಅಳಿಯ ಅಲಿಯವರೇ ಎಂದವರ ಪರಂಪರೆ ಇದು. ಅಲಿಯವರ ಮಗ ಹುಸೇನರು 680ರಲ್ಲಿ ಕರ್ಬಲಾದಲ್ಲಿ ಪ್ರಾಣ ಕೊಟ್ಟರು. ಆ ದುಃಖ ಇವತ್ತಿಗೂ ಹಸಿಯಾಗಿದೆ. ಮಧ್ಯಾಹ್ನದ ನಮಾಜಿನ ಬೆನ್ನಿಗೇ ಅಸರ್ ಮಾಡುವುದು ಶಿಯಾಗಳಲ್ಲಿ ರೂಢಿ.

ಕೆಲಸಕ್ಕೆಂದು ಮಂಗಳೂರಿಗೆ ಬಂದ ಹನಫಿಯೊಬ್ಬರು ಬೆಳಗಿನ ನಮಾಜಿಗೆ, ನಮಾಜು ನಡೆಸುವ ಶಾಫಿ ಇಮಾಮರ ಹಿಂದೆ ನಿಲ್ಲುತ್ತಾರೆ ಎನ್ನಿ. ಕೊನೆಯ ಹಂತದಲ್ಲಿ ಇಮಾಮರು ಕೈಯೆತ್ತಿ ಕುನೂತ್ ಎಂಬ ಪ್ರಾರ್ಥನೆ ಹೇಳುತ್ತಾರೆ. ಸಾಲಿನವರೆಲ್ಲ ಆಮೀನ್ ಅನ್ನುತ್ತಾರೆ. ಹನಫಿಗಳಲ್ಲಿ ಬೆಳಗಿನ ಹೊತ್ತು ಇದಿಲ್ಲ. ಅವರು ಕೈ ಇಳಿಬಿಟ್ಟು ಸುಮ್ನೆ ನಿಂತಿರುತ್ತಾರೆ. ಆಮೇಲೆ ಎಲ್ಲರೂ ಒಟ್ಟಿಗೇ ಹಣೆ ನೆಲಕ್ಕಿಡುವ ಸಜ್ದಾಕ್ಕೆ ಬಾಗುತ್ತಾರೆ.