ನೆಲ ಬಿಟ್ಟವರು, ನೆಲ ಹಿಡಿದವರು

ಕೇಳುಗರೆಲ್ಲರಿಗೂ ನಮಸ್ಕಾರ.

ಬ್ರಿಟನ್ನಿನ ಬಾನುಲಿಯಲ್ಲಿ ಫುಟ್‌ಬಾಲ್ ಪಂದ್ಯವೊಂದು ಮೊದಲ ಬಾರಿಗೆ ನೇರವಾಗಿ ಬಿತ್ತರವಾದದ್ದು 1927ರ ಜನವರಿ 22ರಂದು. ಲಂಡನ್ನಿನ ಹೈಬರಿ ಕ್ರೀಡಾಂಗಣದಲ್ಲಿ ಅಂದು ಆರ್ಸೆನಲ್ ಮತ್ತು ಶೆಫೀಲ್ಡ್ ಯುನೈಟೆಡ್ ತಂಡಗಳು ಆಡಿದವು. ಕಣ್ಣಿಗೆ ಕಾಣದ ಆಟವನ್ನು ಕಿವಿಗೆ ಮುಟ್ಟಿಸುವುದು ಹೇಗೆಂಬ ಚಿಂತೆ ಎಲ್ಲರಿಗೂ ಇತ್ತು. ಅದಕ್ಕೆಂದೇ ಬಿಬಿಸಿಯ ಪತ್ರಿಕೆಯಲ್ಲಿ ಮೈದಾನವನ್ನು 8 ಚೌಕಗಳಾಗಿ ಹಂಚಿದ ನಕ್ಷೆಯೊಂದನ್ನು ಅಚ್ಚು ಹಾಕಿದ್ದರು. ಮನೆಯಲ್ಲಿ ಕೂತವರು ಅದನ್ನು ಮುಂದಿಟ್ಟುಕೊಂಡು ಕೇಳುವುದು. ಟೆಡ್ಡಿ ವೇಕ್‌ಲಾಮ್ ಆಟವನ್ನು ವಿವರಿಸುತ್ತಾ ಹೋದರೆ, ಚೆಂಡು ಯಾವ ಚೌಕದಲ್ಲಿದೆ ಎಂದು ಪಕ್ಕದಲ್ಲಿದ್ದವರು ಸಂಖ್ಯೆ ಹೇಳುತ್ತಿದ್ದರು. ಪಂದ್ಯ 1-1ರಲ್ಲಿ ಸಮವಾಯಿತು.

ಆ ಎಂಟು ಚೌಕಗಳ ಜಾಗದಲ್ಲಿ ಈಗ ಉದ್ಯಾನವಿದೆ. ಸುತ್ತ ಫ್ಲ್ಯಾಟುಗಳು. 2006ರಲ್ಲಿ ಆರ್ಸೆನಲ್ ಕ್ಲಬ್ ಹೈಬರಿಯನ್ನು ಬಿಟ್ಟಿತು. ಹೋದದ್ದು ದೂರವೇನಲ್ಲ, ನಡೆದರೆ ಕೆಲವೇ ನಿಮಿಷ. ಹಳೆಯದರಲ್ಲಿ ಸುಮಾರು 38,000 ಜನ ಕೂರಬಹುದಾಗಿತ್ತು, ಹೊಸದರಲ್ಲಿ 60,000. ಪೂರ್ವದ ಸ್ಟ್ಯಾಂಡಿನ ಮುಖಭಾಗ ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿದ್ದದ್ದರಿಂದ ಅದು ಹಾಗೆಯೇ ಉಳಿದುಕೊಂಡಿದೆ. ಒಂದು ಕಾಲದಲ್ಲಿ ಜನ ಗೋಲಿಗಾಗಿ ಉಸಿರು ಬಿಗಿಹಿಡಿದು ನಿಂತಿದ್ದ ಕಡೆ ಈಗ ಯಾರದೋ ಅಡುಗೆಮನೆ, ಯಾರದೋ ಮಲಗುವ ಕೋಣೆ.

ಹಳೆಯ ಕ್ರೀಡಾಂಗಣವನ್ನು ಬಿಟ್ಟು ಹೊಸ ಜಾಗಕ್ಕೆ ಹೋಗಬೇಕೇ, ಇಲ್ಲವೇ ಇದ್ದ ನೆಲದ ಮೇಲೆಯೇ ಹೊಸದಾಗಿ ಕಟ್ಟಿಕೊಳ್ಳಬೇಕೇ? ನೂರು ವರ್ಷ ದಾಟಿದ ಕ್ಲಬ್ಬುಗಳೆಲ್ಲ ಒಂದಲ್ಲ ಒಂದು ದಿನ ಎದುರಿಸಲೇಬೇಕಾದ ಪ್ರಶ್ನೆ ಇದು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕೈಲಾದಷ್ಟೂ ಇದ್ದ ನೆಲದಲ್ಲೇ ಕಟ್ಟಬೇಕು. ಹೋಗಲೇಬೇಕಾಗಿ ಬಂದರೆ, ಹೋಗುವ ಜಾಗ ಕ್ಲಬ್ಬಿನ ಸ್ವಂತದ್ದಾಗಿರಬೇಕು. ಈ ಎರಡನೆಯ ಮಾತು ನನಗೆ ಮೊದಲನೆಯದಕ್ಕಿಂತ ಮುಖ್ಯ.

ಹಳೆಯ ಕ್ರೀಡಾಂಗಣಗಳ ಮೇಲೆ ನನಗಿರುವ ಪ್ರೀತಿ ಕುರುಡಲ್ಲ. ಲಿವರ್‌ಪೂಲ್ ನಗರದ ಗುಡಿಸನ್ ಪಾರ್ಕನ್ನೇ ನೋಡಿ. ಎವರ್ಟನ್ ಕ್ಲಬ್ ಅಲ್ಲಿ 1892ರಿಂದ ಆಡಿತು. ಸುತ್ತಲೂ ಸಾಲುಮನೆಗಳ ಬೀದಿಗಳು. ಎರಡು ಸ್ಟ್ಯಾಂಡುಗಳ ನಡುವಿನ ಮೂಲೆಗೆ ಅಂಟಿಕೊಂಡಂತೆ ಒಂದು ಚರ್ಚು. ಚಾವಣಿಯನ್ನು ಹೊತ್ತು ನಿಂತ ಕಬ್ಬಿಣದ ಕಂಬಗಳು. ಅಂಥದ್ದೊಂದು ಕಂಬದ ಹಿಂದಿನ ಆಸನ ನಿಮಗೆ ಸಿಕ್ಕಿತೆಂದುಕೊಳ್ಳಿ. ಚೆಂಡು ಎಡಗಡೆ ಇರುವಾಗ ಎಡಕ್ಕೆ ಬಾಗುತ್ತೀರಿ, ಬಲಗಡೆ ಹೋದಾಗ ಬಲಕ್ಕೆ. ನಿಮ್ಮ ಜೊತೆಗೆ ಸಾಲಿನವರೆಲ್ಲ ಬಾಗುತ್ತಾರೆ. ಒದೆತ ಕಂಡಿರುತ್ತದೆ, ಚೆಂಡು ಬಲೆಗೆ ಬಿದ್ದದ್ದು ಕಂಡಿರುವುದಿಲ್ಲ. ಎದುರು ಸ್ಟ್ಯಾಂಡಿನ ಜನ ಎದ್ದು ಕೂಗಿದಾಗಲೇ ಗೋಲಾಯಿತೆಂದು ನಿಮಗೆ ತಿಳಿಯುವುದು. ಮೊಣಕಾಲು ಮುಂದಿನ ಆಸನಕ್ಕೆ ತಾಗುತ್ತದೆ, ಶೌಚಾಲಯಕ್ಕೆ ಹೋದರೆ ಮಧ್ಯಂತರವಿಡೀ ಸರದಿಯಲ್ಲೇ ಕಳೆಯುತ್ತದೆ. ಗಾಲಿಕುರ್ಚಿಯಲ್ಲಿ ಬರುವವರ ಬಗ್ಗೆ 19ನೇ ಶತಮಾನದಲ್ಲಿ ಕಟ್ಟಿದವರು ಯೋಚಿಸಿಯೇ ಇರಲಿಲ್ಲ.

ಕಷ್ಟಗಳಷ್ಟೇ ಆಗಿದ್ದರೆ ಸಹಿಸಿಕೊಳ್ಳಬಹುದಿತ್ತು. ಜೀವದ ಪ್ರಶ್ನೆಯೂ ಇದೆ. 1985ರ ಮೇ 11ರಂದು ಬ್ರಾಡ್‌ಫರ್ಡ್ ಸಿಟಿ ಕ್ಲಬ್ಬಿನ ಜನ ಸಂಭ್ರಮದಲ್ಲಿದ್ದರು. ತಂಡ ಮೂರನೇ ಡಿವಿಷನ್ ಗೆದ್ದಿತ್ತು, ಆಟಕ್ಕೆ ಮುಂಚೆ ಟ್ರೋಫಿ ಕೊಟ್ಟಾಗಿತ್ತು. ಮುಖ್ಯ ಸ್ಟ್ಯಾಂಡು ಮರದ್ದು. ಹಲಗೆಗಳ ಸಂದಿನಿಂದ ಬಿದ್ದ ಕಸ ವರ್ಷಗಟ್ಟಲೆ ಕೆಳಗೆ ಶೇಖರವಾಗಿತ್ತು. ಅದಕ್ಕೆ ಕಿಡಿ ತಗುಲಿತು. ಕೆಲವೇ ನಿಮಿಷಗಳಲ್ಲಿ ಇಡೀ ಸ್ಟ್ಯಾಂಡು ಉರಿದು 56 ಜನ ಸತ್ತರು. ನೆನೆದಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಸಂಕಟವಾಗುವ ಸಂಗತಿ ಬೇರೆ ಇದೆ. ಚಾವಣಿ ಬದಲಿಸಲು ಬೇಕಾದ ಉಕ್ಕು ಆಗಲೇ ಬಂದಿತ್ತು. ಆ ಪಂದ್ಯವೊಂದು ಮುಗಿದರೆ ಕೆಲಸ ಶುರುವಾಗುವುದಿತ್ತು.

ಆದ್ದರಿಂದ, ಪರಂಪರೆಯ ಹೆಸರು ಹೇಳಿಕೊಂಡು ಕೊಳೆತ ಹಲಗೆಗಳನ್ನು ಕಾಯುವವರ ಜೊತೆ ನಾನು ನಿಲ್ಲಲಾರೆ. ಆದರೆ ಬ್ರಾಡ್‌ಫರ್ಡಿನವರು ಆಮೇಲೆ ಏನು ಮಾಡಿದರು? ಆ ನೆಲವನ್ನು ಬಿಟ್ಟು ಓಡಲಿಲ್ಲ. ಅಲ್ಲೇ ಮತ್ತೆ ಕಟ್ಟಿ, 1986ರ ಡಿಸೆಂಬರಿನಲ್ಲಿ ಅಲ್ಲೇ ಆಡಲು ಬಂದರು. ಗ್ಲಾಸ್ಗೋದಲ್ಲೂ ಹಾಗೆಯೇ. 1971ರ ಜನವರಿ 2ರಂದು ರೇಂಜರ್ಸ್ ಕ್ಲಬ್ಬಿನ ಐಬ್ರಾಕ್ಸ್ ಕ್ರೀಡಾಂಗಣದಿಂದ ಹೊರಗಿಳಿಯುವ ಮೆಟ್ಟಿಲಿನಲ್ಲಿ ನೂಕುನುಗ್ಗಲಾಗಿ 66 ಜನ ಪ್ರಾಣ ಕಳೆದುಕೊಂಡರು. ಕ್ಲಬ್ಬಿನ ವಿಲ್ಲಿ ವಾಡೆಲ್ ಜರ್ಮನಿಯ ಡಾರ್ಟ್‌ಮುಂಡಿಗೆ ಹೋಗಿ ಅಲ್ಲಿನ ಹೊಸ ಕ್ರೀಡಾಂಗಣವನ್ನು ನೋಡಿ ಬಂದರು. ಜನ ನಿಲ್ಲುತ್ತಿದ್ದ ಹಳೆಯ ದಿಬ್ಬಗಳನ್ನೆಲ್ಲ ಅಗೆದು ತೆಗೆಸಿದರು. 1981ರ ಹೊತ್ತಿಗೆ ಮೂರು ಕಡೆ ಮೂರು ಹೊಸ ಸ್ಟ್ಯಾಂಡುಗಳು ಎದ್ದವು. ನಾಲ್ಕನೆಯ ಕಡೆ 1929ರ ಕೆಂಪು ಇಟ್ಟಿಗೆಯ ಸ್ಟ್ಯಾಂಡು ಹಾಗೇ ನಿಂತಿತು, ಇಂದಿಗೂ ನಿಂತಿದೆ. ಕೆಡವಬೇಕಾದದ್ದನ್ನು ಕೆಡವಿದರು, ಗಟ್ಟಿಯಿದ್ದದ್ದನ್ನು ಉಳಿಸಿಕೊಂಡರು. ಜೀವಭಯ ಇದೆ, ಅದಕ್ಕೇ ಜಾಗ ಬಿಡಬೇಕು ಎಂದು ವಾದಿಸುವವರಿಗೆ ನಾನು ಮೊದಲು ತೋರಿಸುವುದು ಈ ಐಬ್ರಾಕ್ಸನ್ನು.

ಇನ್ನು ಲಿವರ್‌ಪೂಲ್ ನಗರದ ಕಥೆಗೆ ಬರೋಣ. ಈ ಪ್ರಶ್ನೆಯ ಎಲ್ಲ ಮುಖಗಳೂ ಆ ಒಂದೇ ಊರಿನಲ್ಲಿ ಸಿಗುತ್ತವೆ. ಇಂದು ಲಿವರ್‌ಪೂಲ್ ಕ್ಲಬ್ಬಿನ ಮನೆಯೆಂದು ಜಗತ್ತಿಗೇ ಗೊತ್ತಿರುವ ಆನ್‌ಫೀಲ್ಡಿನಲ್ಲಿ ಮೊದಲು ಆಡುತ್ತಿದ್ದದ್ದು ಎವರ್ಟನ್. 1884ರಿಂದ 1892ರವರೆಗೆ ಅದು ಅಲ್ಲಿ ಬಾಡಿಗೆಗಿತ್ತು. ಬಾಡಿಗೆಯ ವಿಷಯದಲ್ಲಿ ಮೈದಾನದ ಮಾಲೀಕ ಜಾನ್ ಹೌಲ್ಡಿಂಗ್ ಅವರ ಜೊತೆ ಜಗಳವಾಗಿ ಎವರ್ಟನ್ ಎದ್ದು ಹೋಯಿತು, ಉದ್ಯಾನದ ಆಚೆ ಬದಿಯಲ್ಲಿ ಗುಡಿಸನ್ ಪಾರ್ಕನ್ನು ಕಟ್ಟಿಕೊಂಡಿತು. ಖಾಲಿಯಾದ ಮೈದಾನವನ್ನು ಇಟ್ಟುಕೊಂಡು ಹೌಲ್ಡಿಂಗ್ ಏನು ಮಾಡಬೇಕು? ಇನ್ನೊಂದು ಕ್ಲಬ್ಬನ್ನೇ ಹುಟ್ಟುಹಾಕಿದರು. ಲಿವರ್‌ಪೂಲ್ ಫುಟ್‌ಬಾಲ್ ಕ್ಲಬ್ ಹುಟ್ಟಿದ್ದು ಹೀಗೆ, ಒಂದು ಬಾಡಿಗೆ ಜಗಳದಿಂದ.

ಸುಮಾರು ನೂರಹತ್ತು ವರ್ಷಗಳ ನಂತರ ಅದೇ ಲಿವರ್‌ಪೂಲ್ ಕ್ಲಬ್ ಆನ್‌ಫೀಲ್ಡನ್ನು ಬಿಡಲು ಹೊರಟಿತ್ತು. ಪಕ್ಕದ ಉದ್ಯಾನದಲ್ಲಿ ಹೊಸ ಕ್ರೀಡಾಂಗಣದ ನಕ್ಷೆ ಸಿದ್ಧವಾಗಿತ್ತು, ಅನುಮತಿಯೂ ಸಿಕ್ಕಿತ್ತು. ವರ್ಷಗಳು ಉರುಳಿದವು, ದುಡ್ಡು ಕೂಡಿಬರಲಿಲ್ಲ. ಈ ತೂಗುಯ್ಯಾಲೆಯ ನಡುವೆ ಸುತ್ತಲಿನ ಬೀದಿಗಳಲ್ಲಿ ಮನೆಗಳು ಖಾಲಿ ಬಿದ್ದವು, ಕಿಟಕಿಗಳಿಗೆ ಹಲಗೆ ಹೊಡೆದರು. ಕ್ಲಬ್ಬು ಹೋಗುತ್ತದೋ ಇರುತ್ತದೋ ಎಂದು ತೀರ್ಮಾನಿಸದೆ ಎಳೆದಾಡಿದರೆ ಅದರ ಪೆಟ್ಟು ತಿನ್ನುವುದು ನೆರೆಹೊರೆಯವರು. ಕೊನೆಗೆ 2012ರಲ್ಲಿ, ಇಲ್ಲೇ ಇರುತ್ತೇವೆ ಎಂದು ಕ್ಲಬ್ಬು ಹೇಳಿತು. ಮುಂದೆ ನಡೆದದ್ದು ನೋಡಬೇಕಾದ ಕೆಲಸ. ಹಳೆಯ ಮುಖ್ಯ ಸ್ಟ್ಯಾಂಡಿನಲ್ಲಿ ಜನ ಕೂತು ಆಟ ನೋಡುತ್ತಿರುವಾಗಲೇ ಅದರ ಬೆನ್ನಿಗೆ ಹೊಸದರ ಉಕ್ಕಿನ ಚೌಕಟ್ಟು ಮೇಲೇಳುತ್ತಿತ್ತು. ಋತು ಮುಗಿದ ಮೇಲೆ ಹಳೆಯದನ್ನು ತೆಗೆದು ಹೊಸದನ್ನು ಮುಂದಕ್ಕೆ ಜೋಡಿಸಿದರು. 2016ರ ಸೆಪ್ಟೆಂಬರಿನಲ್ಲಿ ಅದು ತೆರೆಯಿತು, ಸುಮಾರು 8,500 ಆಸನಗಳು ಹೆಚ್ಚಾದವು. ನಂತರ ಇನ್ನೊಂದು ಕೊನೆಯ ಸ್ಟ್ಯಾಂಡನ್ನೂ ಬೆಳೆಸಿದರು. ಈಗ 61,000 ಜನ ಕೂರುತ್ತಾರೆ. ಒಂದು ಋತುವನ್ನೂ ಬೇರೆಯವರ ಮನೆಯಲ್ಲಿ ಕಳೆಯಬೇಕಾಗಲಿಲ್ಲ.

ಗುಡಿಸನ್ನಿಗೆ ಆ ಭಾಗ್ಯ ಇರಲಿಲ್ಲ. ಅಲ್ಲಿ ಹಿಗ್ಗಲು ಜಾಗವೇ ಇಲ್ಲ. ಮನೆಗಳು, ಚರ್ಚು ಎಲ್ಲವೂ ಗೋಡೆಗೆ ಗೋಡೆ ಕೊಟ್ಟು ನಿಂತಿವೆ. 2025ರ ಮೇ 18ರಂದು ಎವರ್ಟನ್ ಪುರುಷರ ತಂಡ ಅಲ್ಲಿ ಕೊನೆಯ ಪಂದ್ಯ ಆಡಿ ಸೌತಾಂಪ್ಟನ್ನನ್ನು 2-0ಯಿಂದ ಸೋಲಿಸಿತು. ನದಿದಂಡೆಯ ಹಳೆಯ ಹಡಗುಕಟ್ಟೆಯಲ್ಲಿ, 52,000ಕ್ಕೂ ಹೆಚ್ಚು ಆಸನಗಳ ಹೊಸ ಕ್ರೀಡಾಂಗಣಕ್ಕೆ ಕ್ಲಬ್ಬು ಹೊರಟಿತು. ಈ ನಿರ್ಧಾರವನ್ನು ನಾನು ತಪ್ಪೆನ್ನುವುದಿಲ್ಲ. ಅದರಲ್ಲಿ ನನಗೆ ತುಂಬ ಹಿಡಿಸಿದ ಸಂಗತಿಯೊಂದಿದೆ: ಗುಡಿಸನ್ನನ್ನು ಕೆಡವಲಿಲ್ಲ, ಮಹಿಳಾ ತಂಡಕ್ಕೆ ಬಿಟ್ಟುಕೊಟ್ಟರು. ಆ ಹುಲ್ಲಿನಂಚಿನ ಮಣ್ಣಿನಲ್ಲಿ ನೂರಾರು ಅಭಿಮಾನಿಗಳ ಚಿತಾಭಸ್ಮ ಇದೆ. ತಂದೆಯ ಭಸ್ಮವನ್ನು ಆಟದಂಗಳದಲ್ಲಿಟ್ಟ ಮಗಳಿಗೆ, ಜಾಗ ಮಾರಿದ್ದೇವೆ, ಅಪಾರ್ಟ್‌ಮೆಂಟು ಬರುತ್ತದೆ ಎಂದು ಯಾವ ಬಾಯಲ್ಲಿ ಹೇಳುವುದು?

ಜಾಗ ಇದ್ದವರಿಗೆ ದಾರಿಗಳು ಇವೆ. ಸ್ಪೇನಿನ ಬಿಲ್ಬಾವೊದಲ್ಲಿ 1913ರ ಸಾನ್ ಮಾಮೆಸ್ ಕ್ರೀಡಾಂಗಣದ ಪಕ್ಕಕ್ಕೇ ಹೊಸದನ್ನು ಕಟ್ಟಿದರು. ಹಳೆಯದರಲ್ಲಿ ಆಟ ನಡೆಯುತ್ತಲೇ ಇತ್ತು. 2013ರಲ್ಲಿ ಹೊಸದು ತೆರೆದಾಗ ಒಂದು ಕೊನೆ ಇನ್ನೂ ಬಯಲು. ಹಳೆಯದನ್ನು ಕೆಡವಿ ತೆರವಾದ ನೆಲದ ಮೇಲೆ ಆ ಕೊನೆಯನ್ನು ಕಟ್ಟಿ ಮುಗಿಸಿದರು. ಮೊದಲ ಬಾರಿ ಬರುವ ಎದುರಾಳಿ ತಂಡದ ನಾಯಕ ಪಿಚಿಚಿ ಎಂಬ ಹಳೆಯ ಆಟಗಾರನ ಪ್ರತಿಮೆಗೆ ಹೂವಿಡುವ ಪದ್ಧತಿ ಅಲ್ಲಿದೆ. ಪ್ರತಿಮೆಯ ಜೊತೆಗೆ ಪದ್ಧತಿಯೂ ಹೊಸ ಅಂಗಳಕ್ಕೆ ಬಂತು. ಲಂಡನ್ನಿನ ಟಾಟೆನ್‌ಹ್ಯಾಮ್ ಕೂಡ ಇದ್ದಲ್ಲೇ ಕಟ್ಟಿತು. ಆದರೆ ಅದಕ್ಕಾಗಿ ಸುಮಾರು ಎರಡು ಋತು ವೆಂಬ್ಲಿಯಲ್ಲಿ ಆಡಿ, 2019ರ ಏಪ್ರಿಲಿನಲ್ಲಿ ಮನೆ ಸೇರಿತು. ಖರ್ಚು ಹೆಚ್ಚು, ವಿಳಂಬವೂ ಆಯಿತು. ಅಷ್ಟಾದರೂ ಅಭಿಮಾನಿ ಇಳಿಯುವ ರೈಲು ನಿಲ್ದಾಣ ಅದೇ, ನಡೆಯುವ ಬೀದಿ ಅದೇ.

ಈಗ ನಾನು ಮುಖ್ಯವೆಂದ ಮಾತಿಗೆ ಬರುತ್ತೇನೆ. ಹುಲ್ಲಿನ ಕೆಳಗಿನ ನೆಲ ಯಾರ ಹೆಸರಿನಲ್ಲಿದೆ? ವೆಸ್ಟ್ ಹ್ಯಾಮ್ ಕ್ಲಬ್ 1904ರಿಂದ ಆಡುತ್ತಿದ್ದ ಬೋಲಿನ್ ಮೈದಾನವನ್ನು 2016ರಲ್ಲಿ ಬಿಟ್ಟು, ಒಲಿಂಪಿಕ್ಸಿಗೆಂದು ಕಟ್ಟಿದ ಕ್ರೀಡಾಂಗಣಕ್ಕೆ ಹೋಯಿತು. ಅಲ್ಲಿ ಅದು 99 ವರ್ಷದ ಬಾಡಿಗೆದಾರ. ಓಟದ ಹಾದಿಗೆಂದು ಬಿಟ್ಟ ಜಾಗದಿಂದಾಗಿ ಜನ ಆಟದಿಂದ ದೂರ ಸರಿದರು. ಮೊದಲು ಆಟಗಾರನ ಬೈಗುಳವೂ ಮುಂದಿನ ಸಾಲಿಗೆ ಕೇಳುತ್ತಿತ್ತು. ಕೊವೆಂಟ್ರಿಯದ್ದು ಇನ್ನೂ ಕಷ್ಟದ ಕಥೆ. 2005ರಲ್ಲಿ ತನ್ನ ಹಳೆಯ ಮೈದಾನವನ್ನು ಬಿಟ್ಟು ತನ್ನದಲ್ಲದ ಹೊಸ ಅಂಗಳಕ್ಕೆ ಹೋಯಿತು. ಬಾಡಿಗೆಯ ತಕರಾರು ಬೆಳೆದು 2013ರಲ್ಲಿ ತನ್ನ ಊರಿನ ಪಂದ್ಯಗಳನ್ನು ನಾರ್ಥಾಂಪ್ಟನ್ನಿನಲ್ಲಿ ಆಡಬೇಕಾಯಿತು. ಇನ್ನು ವಿಂಬಲ್ಡನ್. 1991ರಲ್ಲಿ ಪ್ಲಾವ್ ಲೇನ್ ಬಿಟ್ಟು ಇನ್ನೊಬ್ಬರ ಮೈದಾನ ಹಂಚಿಕೊಂಡಿತು. ತಾತ್ಕಾಲಿಕ ಎಂದುಕೊಂಡದ್ದು ಹನ್ನೆರಡು ವರ್ಷವಾಯಿತು. ಆಮೇಲೆ ಕ್ಲಬ್ಬನ್ನೇ ಮಿಲ್ಟನ್ ಕೀನ್ಸ್ ಎಂಬ ಬೇರೆ ಊರಿಗೆ ಎತ್ತಿಕೊಂಡು ಹೋದರು. ಉಳಿದ ಅಭಿಮಾನಿಗಳು 2002ರಲ್ಲಿ ತಮ್ಮದೇ ಕ್ಲಬ್ ಕಟ್ಟಿದರು. ಕೆಳಗಿನ ಲೀಗಿನಿಂದ ಒಂದೊಂದೇ ಮೆಟ್ಟಿಲು ಹತ್ತಿ, 2020ರ ನವೆಂಬರಿನಲ್ಲಿ ಪ್ಲಾವ್ ಲೇನಿನಲ್ಲೇ ಹೊಸ ಕ್ರೀಡಾಂಗಣ ತೆರೆದರು.

ಚೆಲ್ಸಿಯವರು ಮುಂಜಾಗ್ರತೆ ವಹಿಸಿದರು. ಭೂವ್ಯಾಪಾರಿಗಳ ಕೈಯಿಂದ ಮೈದಾನ ಕಷ್ಟದಲ್ಲಿ ಪಾರಾದ ಮೇಲೆ, 1993ರಲ್ಲಿ ಅಭಿಮಾನಿಗಳೇ ಷೇರುದಾರರಾದ ಒಂದು ಸಂಸ್ಥೆ ಹುಟ್ಟಿತು. ಮುಂದೆ ಸ್ಟ್ಯಾಮ್‌ಫರ್ಡ್ ಬ್ರಿಡ್ಜಿನ ನೆಲ ಆ ಸಂಸ್ಥೆಯದ್ದಾಯಿತು, ಕ್ಲಬ್ಬಿನ ಹೆಸರಿನ ಹಕ್ಕೂ ಅದರ ಕೈಗೆ ಬಂತು. 2011ರಲ್ಲಿ ಕ್ಲಬ್ಬಿನ ಮಾಲೀಕರು ಅದನ್ನು ಮರಳಿ ಕೊಳ್ಳಲು ಕೇಳಿದರು. ನಾಲ್ಕರಲ್ಲಿ ಮೂರು ಪಾಲು ಮತ ಬೇಕಿತ್ತು, ಸಿಗಲಿಲ್ಲ. ಅಷ್ಟು ಸಿರಿವಂತ ಕ್ಲಬ್ಬು ಸಾಮಾನ್ಯ ಷೇರುದಾರನ ಮಾತಿಗೆ ತಲೆಬಾಗಬೇಕಾಯಿತು. ಹಳೆಯ ಕ್ರೀಡಾಂಗಣವಿರುವ ಪ್ರತಿ ಕ್ಲಬ್ಬಿಗೂ ಇಂಥದ್ದೊಂದು ಬೀಗ ಇರಬೇಕೆಂದು ನನ್ನ ಆಸೆ.

ಬೀಗ ಇಲ್ಲದಿದ್ದರೆ ಏನಾಗುತ್ತದೆಂದು ಅರ್ಜೆಂಟೀನಾದ ಸಾನ್ ಲೊರೆಂಜೊ ಕ್ಲಬ್ಬಿಗೆ ಗೊತ್ತು. ಬ್ಯೂನಸ್ ಐರಿಸ್ ನಗರದ ಬೊಯೆದೊ ಬಡಾವಣೆಯಲ್ಲಿ 1916ರಿಂದ ಅದಕ್ಕೆ ಮೈದಾನವಿತ್ತು. ಸೇನಾ ಆಡಳಿತದ ಕಾಲದಲ್ಲಿ, 1979ರ ಡಿಸೆಂಬರಿನಲ್ಲಿ ಅಲ್ಲಿ ಕೊನೆಯ ಪಂದ್ಯ ನಡೆಯಿತು. ನೆಲ ಕೈತಪ್ಪಿತು, ಅದರ ಮೇಲೆ ಸೂಪರ್‌ಮಾರ್ಕೆಟ್ ಎದ್ದಿತು. ಅಭಿಮಾನಿಗಳು ಸುಮ್ಮನೆ ಕೂರಲಿಲ್ಲ. ಬೀದಿಗಿಳಿದು ಕೇಳಿದರು, ಕೇಳುತ್ತಲೇ ಇದ್ದರು. 2012ರಲ್ಲಿ ನಗರದ ಶಾಸನಸಭೆ ಕ್ಲಬ್ಬಿಗೆ ನೆಲ ಮರಳಿಸುವ ಕಾಯ್ದೆಯನ್ನೇ ಮಾಡಿತು. ಅಭಿಮಾನಿಗಳು ಒಂದೊಂದು ಚದರ ಮೀಟರಿನ ಲೆಕ್ಕದಲ್ಲಿ ದುಡ್ಡು ಕೂಡಿಸಿದರು. 2019ರಲ್ಲಿ ಆ ನೆಲ ಮತ್ತೆ ಕ್ಲಬ್ಬಿನ ಹೆಸರಿಗೆ ಬಂತು. ಕಳೆದುಕೊಂಡದ್ದು ಒಂದು ಡಿಸೆಂಬರಿನಲ್ಲಿ, ಪಡೆಯಲು ಹಿಡಿದದ್ದು ನಲವತ್ತು ವರ್ಷ.

ಕೊನೆಯದಾಗಿ ಆಗ್ನೇಯ ಲಂಡನ್ನಿನ ಚಾರ್ಲ್‌ಟನ್ ಅಥ್ಲೆಟಿಕ್. 1985ರಲ್ಲಿ ತನ್ನ ವ್ಯಾಲಿ ಮೈದಾನವನ್ನು ಬಿಟ್ಟು ಬೇರೆ ಕ್ಲಬ್ಬಿನ ಅಂಗಳಕ್ಕೆ ಹೋಯಿತು. ವ್ಯಾಲಿಯ ಮೆಟ್ಟಿಲುಗಳ ಸಂದಿಯಲ್ಲಿ ಗಿಡಗಂಟಿ ಬೆಳೆದವು. 1989ರಲ್ಲಿ ಅಭಿಮಾನಿಗಳು ಕೈಯಲ್ಲಿ ಸಿಕ್ಕ ಸಲಕರಣೆ ಹಿಡಿದು ಬಂದು ಕಳೆ ಕಿತ್ತರು, ಕಸವನ್ನೆಲ್ಲ ಅಂಗಳದ ನಡುವೆ ರಾಶಿ ಹಾಕಿ ಸುಟ್ಟರು. ಮೈದಾನದ ಪುನರ್ನಿರ್ಮಾಣಕ್ಕೆ ಸ್ಥಳೀಯ ಆಡಳಿತ ಅಡ್ಡಬಂದಾಗ, ವ್ಯಾಲಿ ಪಾರ್ಟಿ ಎಂಬ ಪಕ್ಷವನ್ನೇ ಕಟ್ಟಿ 1990ರ ಚುನಾವಣೆಗೆ ನಿಂತರು. ಒಂದು ಸ್ಥಾನವೂ ಸಿಗಲಿಲ್ಲ, ಮತಗಳು ಮಾತ್ರ 14,838 ಬಿದ್ದವು. ಆಡಳಿತಕ್ಕೆ ಅಷ್ಟು ಸಾಕಾಯಿತು, ಅನುಮತಿ ಸಿಕ್ಕಿತು. 1992ರ ಡಿಸೆಂಬರ್ 5ರಂದು ಚಾರ್ಲ್‌ಟನ್ ವ್ಯಾಲಿಗೆ ಮರಳಿತು. ಸ್ಟ್ಯಾಂಡುಗಳು ಇನ್ನೂ ಪೂರ್ತಿಯಾಗಿರಲಿಲ್ಲ. ಏಳು ವರ್ಷ ಕಾದಿದ್ದ ಜನರಿಗೆ ಏಳನೆಯ ನಿಮಿಷದಲ್ಲಿ ಕಾಲಿನ್ ವಾಲ್ಶ್ ಗೋಲು ಹೊಡೆದುಕೊಟ್ಟರು. ಪೋರ್ಟ್ಸ್‌ಮತ್ ವಿರುದ್ಧದ ಆ ಪಂದ್ಯವನ್ನು ಚಾರ್ಲ್‌ಟನ್ ಗೆದ್ದದ್ದು ಆ ಒಂದು ಗೋಲಿನಿಂದಲೇ.

ನಮಸ್ಕಾರ.