ಅಂಜೂರದ ಮಣ್ಣಿನಲ್ಲಿ ಅರ್ಬೆಕಿನಾ

ಕೇಳುಗರಿಗೆ ನಮಸ್ಕಾರ. ಪುಣೆಯಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಕೆಲವರು ನಿವೃತ್ತಿಯ ಹಣದಲ್ಲಿ ಸಾಸವಡದ ಆಸುಪಾಸಿನಲ್ಲಿ ಒಂದೆರಡು ಎಕರೆ ಜಮೀನು ಮಾಡಿಕೊಂಡಿದ್ದಾರೆ. ಪುರಂದರ ತಾಲ್ಲೂಕಿನಲ್ಲಿ ಅಂಜೂರ ಅಷ್ಟು ಚೆನ್ನಾಗಿ ಬರುವಾಗ, ಮೆಡಿಟರೇನಿಯನ್ ಸಮುದ್ರದ ಸುತ್ತ ಅಂಜೂರದ ನೆರೆಯಲ್ಲೇ ಬೆಳೆಯುವ ಆಲಿವ್ ಏಕೆ ಬಾರದು ಎಂದು ಅವರು ಕೇಳುತ್ತಾರೆ. ಮರವೇನೋ ಬಂದೀತು, ಎಣ್ಣೆಯ ಮಾತು ಮಾತ್ರ ಅಷ್ಟು ಸುಲಭವಲ್ಲ.

ಎಣ್ಣೆಗಾಗಿ ಆಲಿವ್ ಬೆಳೆಯುವವರ ಬಾಯಲ್ಲಿ ಇಂದು ಹೆಚ್ಚಾಗಿ ಕೇಳಿಬರುವ ತಳಿಗಳಲ್ಲಿ ಅರ್ಬೆಕಿನಾ ಒಂದು. ಸ್ಪೇನಿನ ಕ್ಯಾಟಲೋನಿಯಾದಲ್ಲಿರುವ ಅರ್ಬೆಕಾ ಎಂಬ ಊರಿನಿಂದ ಅದಕ್ಕೆ ಈ ಹೆಸರು. ಗಿಡ ಗಿಡ್ಡ, ಕಾಯಿ ಸಣ್ಣದು. ನೆಟ್ಟ ಮೂರನೆಯ ವರ್ಷದಿಂದಲೇ ಫಸಲು ಆರಂಭವಾಗುತ್ತದೆ, ಬೇರೆ ತಳಿಯ ಪರಾಗವಿಲ್ಲದೆಯೂ ಕಾಯಿ ಕಚ್ಚುತ್ತದೆ. ನಾರಾಯಣಗಾವದ ದ್ರಾಕ್ಷಿ ತೋಟಗಳಂತೆ ಸಾಲು ಹಿಡಿದು, ಹೆಕ್ಟೇರಿಗೆ 1500ಕ್ಕೂ ಹೆಚ್ಚು ಗಿಡಗಳನ್ನು ಬೇಲಿಯ ಹಾಗೆ ಬೆಳೆಸಿ, ಸಾಲಿನ ಮೇಲೆ ಹಾದುಹೋಗುವ ಯಂತ್ರದಿಂದ ಕೊಯ್ಲು ಮಾಡುವ ಪದ್ಧತಿಗೆ ಈ ತಳಿ ಬಹಳ ಚೆನ್ನಾಗಿ ಒಗ್ಗಿದೆ.

ಆಲಿವ್ ನಮ್ಮ ಮಲ್ಲಿಗೆ, ಪಾರಿಜಾತಗಳ ಕುಟುಂಬದ್ದೇ ಆದರೂ ಸ್ವಭಾವ ಬೇರೆ. ಚಳಿಗಾಲದಲ್ಲಿ ವಾರಗಟ್ಟಲೆ ರಾತ್ರಿಯ ಉಷ್ಣತೆ 10 ಡಿಗ್ರಿಯ ಆಸುಪಾಸಿಗೆ ಇಳಿದು, ಹಗಲೂ ತಂಪಾಗಿದ್ದರೆ ಮಾತ್ರ ಅದರ ಮೊಗ್ಗುಗಳು ಹೂವಾಗುತ್ತವೆ. ಇಲ್ಲದಿದ್ದರೆ ಮರ ಸೊಂಪಾಗಿ ಬೆಳೆದೂ ಬರಿಯ ಎಲೆಯನ್ನೇ ತೋರಿಸುತ್ತದೆ. ಅರ್ಬೆಕಿನಾ ಕಡಿಮೆ ಚಳಿಗೆ ತೃಪ್ತಿಪಡುವ ತಳಿ ಎಂಬುದು ನಿಜ. ಆದರೆ ಪುಣೆಯ ಜನವರಿಯಲ್ಲಿ ಬೆಳಗಿನ ಜಾವ ಶಾಲು ಹೊದೆಯುವ ನಾವೇ ಮಧ್ಯಾಹ್ನ 30 ಡಿಗ್ರಿಯ ಹತ್ತಿರದ ಬಿಸಿಲಿನಲ್ಲಿ ನೆರಳು ಹುಡುಕುತ್ತೇವೆ. ಗೋವಾ, ಮುಂಬಯಿಗಳ ಕರಾವಳಿಯಲ್ಲಂತೂ ಆ ಶಾಲೂ ಬೇಕಾಗುವುದಿಲ್ಲ.

ಕಾಯಿ ಕಚ್ಚಿದರೂ ಇನ್ನೊಂದು ತೊಡಕಿದೆ, ನನ್ನ ದೃಷ್ಟಿಯಲ್ಲಿ ಇದೇ ದೊಡ್ಡದು. ಕಾಯಿಯಲ್ಲಿ ಎಣ್ಣೆ ತುಂಬುವ ಕಾಲದಲ್ಲಿ ಸೆಕೆ ಹೆಚ್ಚಾದರೆ ಅರ್ಬೆಕಿನಾದ ಎಣ್ಣೆಯಲ್ಲಿ ಓಲಿಯಿಕ್ ಆಮ್ಲದ, ಅಂದರೆ ಆಲಿವ್ ಎಣ್ಣೆಯ ಮುಖ್ಯ ಕೊಬ್ಬಿನಾಮ್ಲದ, ಪ್ರಮಾಣ ಕುಸಿಯುತ್ತದೆ. ಅರ್ಜೆಂಟೀನಾದ ವಾಯವ್ಯದ ಬಿಸಿ ಪ್ರಾಂತಗಳಲ್ಲಿ ಇದೇ ತಳಿಯ ಅಪ್ಪಟ ಎಣ್ಣೆ ಅಂತರರಾಷ್ಟ್ರೀಯ ಮಾನದಂಡದ ಕೆಳಮಿತಿಯನ್ನೂ ಮುಟ್ಟದೆ ಹೋದದ್ದುಂಟು.

ನಮ್ಮ ದೇಶದ ದೊಡ್ಡ ಪ್ರಯೋಗ ನಡೆದದ್ದು ರಾಜಸ್ಥಾನದಲ್ಲಿ. 2007ರಲ್ಲಿ ಅಲ್ಲಿನ ಸರ್ಕಾರಿ ಮಂಡಳಿ, ಇಸ್ರೇಲಿನ ಒಂದು ಸಂಸ್ಥೆ ಮತ್ತು ನಮ್ಮ ಪುಣೆಯದೇ ಆದ ಫಿನೋಲೆಕ್ಸ್ ಪ್ಲಾಸನ್ ಕೂಡಿ ಕೆಲಸ ಆರಂಭಿಸಿದವು. ತರಿಸಿದ ತಳಿಗಳಲ್ಲಿ ಅರ್ಬೆಕಿನಾ ಕೂಡ ಇತ್ತು. 2014ರಲ್ಲಿ ಬಿಕಾನೇರ್ ಜಿಲ್ಲೆಯ ಲೂಣಕರಣಸರದಲ್ಲಿ ಎಣ್ಣೆ ಘಟಕವೂ ಆರಂಭವಾಯಿತು. ಅಲ್ಲಿ ಮರಳು ನೆಲವಿದೆ, ಮೈ ಕೊರೆಯುವ ಚಳಿಯೂ ಇದೆ. ಪುಣೆ ಸೀಮೆಯ ಎರೆಮಣ್ಣಿನಲ್ಲಿ ಮಳೆಗಾಲದ ನೀರು ನಿಂತರೆ ಆಲಿವ್ ಬೇರು ಕೊಳೆಯುತ್ತದೆ.

ಎಣ್ಣೆ ತೆಗೆಯುವ ಬಗೆಯೂ ನಮಗೆ ಹೊಸದು. ಕುಸುಬೆ, ಶೇಂಗಾಗಳನ್ನು ಒಣಗಿಸಿ ಮೂಟೆ ಕಟ್ಟಿಟ್ಟು ಬೇಕೆಂದಾಗ ಗಾಣಕ್ಕೆ ಒಯ್ಯಬಹುದು. ಆಲಿವ್‌ನ ಎಣ್ಣೆ ಬಹುಪಾಲು ಇರುವುದು ಬೀಜದಲ್ಲಲ್ಲ, ಹಸಿ ತಿರುಳಿನಲ್ಲಿ. ಕೊಯ್ದು ಒಂದು ದಿನದೊಳಗೆ ಅರೆದು, ಹೆಚ್ಚು ಬಿಸಿಯಾಗದಂತೆ ನಿಧಾನವಾಗಿ ಕಲಸಿ, ಯಂತ್ರದಲ್ಲಿ ತಿರುಗಿಸಿ ನೀರಿನಿಂದ ಬೇರ್ಪಡಿಸದಿದ್ದರೆ ಹುಳಿ ಏರಿ ಎಣ್ಣೆಯ ದರ್ಜೆ ಇಳಿಯುತ್ತದೆ. ಹತ್ತಿರದಲ್ಲಿ ಅಂಥ ಘಟಕವಿಲ್ಲದೆ ಎಕರೆಗಟ್ಟಲೆ ನೆಡುವುದನ್ನು ನಾನು ಒಪ್ಪಲಾರೆ. ಆಸೆಯಿದ್ದವರು ಇಳಿಜಾರಿನಲ್ಲಿ ದಿಬ್ಬ ಮಾಡಿ ನಾಲ್ಕೇ ಗಿಡ ನೆಡಲಿ, ಅವು ಬಲಿತ ಮೇಲೆ ಎರಡು ಮೂರು ಚಳಿಗಾಲ ಹೂವಿನ ಲೆಕ್ಕ ಬರೆದಿಡಲಿ. ಅಲ್ಲಿಯವರೆಗೆ ಅಂಜೂರದ ಗಿಡಗಳನ್ನು ಕೀಳುವುದು ಬೇಡ. ನಮಸ್ಕಾರ.